ಕುರಿಮರಿಯಂತೆ ಗುದ್ದುತ್ತಿದ್ದ ಫೌಜದಾರ

ಫೌಜದಾರ ಎಂದು ಹೆಸರಿಟ್ಟವಳು ನನ್ನ ಹೆಂಡತಿ. ಆ ಗಂಡು ನಾಯಿಮರಿಗೆ ಇನ್ನೂ ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಆಗಲೇ ಕಂಡವರ ಗುಡಾರಕ್ಕೆ ನುಗ್ಗುತ್ತಿತ್ತು, ಕಂಡ ಗಡಿಗೆಗೆ ಮೂತಿ ಇಡುತ್ತಿತ್ತು. ಬೈದರೆ ಬೈದವರ ಮುಖವನ್ನೇ ನೆಕ್ಕುತ್ತಿತ್ತು. "ಇದು ನಾಯಿ ಅಲ್ರಿ, ಫೌಜದಾರ. ಮನಿ ಮನಿ ಹೊಕ್ಕು ಝಡತಿ ಮಾಡಾಕ ಹುಟ್ಟೈತಿ," ಎಂದು ಅವಳು ನಕ್ಕಳು. ಹೆಸರು ಅಂಟಿಕೊಂಡುಬಿಟ್ಟಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಬಾದಾಮಿ ಗುಡ್ಡದ ಅಂಚಿನಲ್ಲಿ ನಮ್ಮದೊಂದು ಸಣ್ಣ ಕುರಿ ಹಿಂಡು. ಆ ಮಳೆಗಾಲದಲ್ಲಿ ನಮ್ಮ ಹಳೆಯ ನಾಯಿ ಹಾವು ಕಚ್ಚಿ ಸತ್ತಿತ್ತು. ನಾಯಿ ಇಲ್ಲದ ಹಿಂಡೆಂದರೆ ಕದವಿಲ್ಲದ ಮನೆ. ಆ ಗುಡ್ಡಗಳಲ್ಲಿ ಆಗ ತೋಳಗಳಿಗೇನೂ ಬರವಿರಲಿಲ್ಲ. ನಾಗರಪಂಚಮಿಯ ಹೊತ್ತಿಗೆ ರಸ್ತೆ ಬದಿಯ ಹೊಲದವರೊಬ್ಬರು ಕರೆದು, ತಾಯಿ ಲಾರಿಗೆ ಸಿಕ್ಕಿ ಸತ್ತಿದೆ, ಇದೊಂದು ಉಳಿದಿದೆ ನೋಡಪ್ಪ ಎಂದು ಈ ಮರಿಯನ್ನು ನನ್ನ ಕಂಬಳಿಯೊಳಗೆ ಹಾಕಿದರು. ಆಗಿನ್ನೂ ಅದು ಕಣ್ಣು ತೆರೆದಿತ್ತಷ್ಟೇ. ನಮ್ಮ ದೇವರು ಬೀರಪ್ಪನೇ ಕೊಟ್ಟ ಎಂದುಕೊಂಡು ಎದೆಗವಚಿ ತಂದೆ.

ನಮ್ಮ ಮಂದಿಯಲ್ಲಿ ಒಂದು ನಂಬಿಕೆ. ಕುರಿಯ ಹಾಲು ಕುಡಿದ ನಾಯಿ ಕುರಿಯನ್ನು ಬಿಟ್ಟು ಹೋಗುವುದಿಲ್ಲ. ಹೆಂಡತಿ ಕುರಿ ಹಿಂಡಿ, ಬಟ್ಟೆಯ ಬತ್ತಿ ಅದ್ದಿ ಕುಡಿಸಿದಳು. ಎಳೆಯ ಕುರಿಮರಿಗಳನ್ನು ಕೂಡುವ ಬಲೆಯ ದೊಡ್ಡಿಯೊಳಗೇ ಅದನ್ನೂ ಮಲಗಿಸಿದಳು. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇರೆ ನಾಯಿಯ ನೆರಳೂ ಅದರ ಮೇಲೆ ಬೀಳದಂತೆ ಕಾದೆ. ಊರ ನಾಯಿಗಳ ಸಂಗ ಬಿದ್ದರೆ ಮರಿ ಕುರಿಯ ಮೇಲಿನ ಪ್ರೀತಿ ಮರೆಯುತ್ತದೆ ಎಂಬುದು ನನ್ನ ಲೆಕ್ಕ. ಕುರಿ ಕಾಯುವವರಲ್ಲದೆ ಮತ್ಯಾರೂ ಇಂಥ ಎಡವಟ್ಟು ಮಾಡಲಿಕ್ಕಿಲ್ಲ.

ಕುರಿಮರಿ ಹಾಲು ಕುಡಿಯುವುದನ್ನು ನೀವು ನೋಡಿರಬೇಕು. ಓಡಿ ಬಂದು ತಾಯಿಯ ಕೆಚ್ಚಲಿಗೆ ತಲೆಯಿಂದ ಗುದ್ದುತ್ತದೆ. ಗುದ್ದಿದಷ್ಟೂ ಹಾಲು ಇಳಿಯುತ್ತದೆ. ಮರಿಗಳು ತಮ್ಮತಮ್ಮಲ್ಲಿ ಆಡುವುದೂ ತಲೆಗೆ ತಲೆ ಕೊಟ್ಟೇ. ಫೌಜದಾರ ಕಲಿತದ್ದು ಈ ಒಂದೇ ವಿದ್ಯೆ. ದೂರದಿಂದ ನೆಟ್ಟಗೆ ಓಡಿ ಬರುವುದು, ತಲೆ ತಗ್ಗಿಸಿ ಹೊಟ್ಟೆಗೆ ಗುದ್ದುವುದು, ಕಾಲಡಿ ನುಸುಳಿ ಮೂತಿ ತೂರಿಸುವುದು. ಪಾಪದ ಕುರಿಮರಿಗಳಿಗೆ ಹಲ್ಲು ತೋರಿಸಿ 'ಸಾಕು' ಎನ್ನಲು ಬರುತ್ತದೆಯೇ? ಆ ಮಾತನ್ನೇ ಕೇಳದೆ ಅವನು ಕಾಲು ಉದ್ದ, ಎದೆ ಅಗಲ ಮಾಡಿಕೊಂಡು ಬೆಳೆದುಬಿಟ್ಟ.

ಸಂಕ್ರಾಂತಿ ಕಳೆದ ಮೇಲೆ ನಾವು ಪ್ರತಿ ವರ್ಷ ಹುನಗುಂದದ ಎರೆಹೊಲಗಳ ಕಡೆ ಇಳಿಯುತ್ತೇವೆ. ಅಲ್ಲಿ ಬಿಳಿಜೋಳ ಕೊಯ್ದಾದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬುವ, ಅಂದರೆ ರಾತ್ರಿ ಕೂಡಿಹಾಕುವ ಕೆಲಸ. ಸಣ್ಣ ಹಿಂಡಿನವರು ಒಂಟಿಯಾಗಿ ಹೋಗುವಂತಿಲ್ಲ. ಮೂರು ಮನೆಯವರು ಕೂಡಿಯೇ ಹೊರಡುತ್ತಿದ್ದೆವು. ನಾವು ಗಂಡ ಹೆಂಡತಿ ಒಂದು ಮನೆ. ನನ್ನ ಹೆಂಡತಿಯ ಸೋದರಮಾವ ಇನ್ನೊಂದು ಮನೆ. ತಂಡಕ್ಕೆ ಅವರೇ ಯಜಮಾನರು, ಅವರ ಮಾತೇ ದಾರಿ. ಮೂರನೆಯದು ಮಾವನ ಅಕ್ಕ, ಎಲ್ಲರೂ ಆಯಿ ಎನ್ನುತ್ತಿದ್ದ ಮುದುಕಿ. ಗಂಡ ತೀರಿದ ಮೇಲೂ ತನ್ನ ಕುರಿಯನ್ನು ತಾನೇ ಮೇಯಿಸಿದವಳು. ಮಾವನ ಹತ್ತಿರ ಕರಿಯ, ಬೂದ್ಯಾ ಎಂಬ ಎರಡು ಗಂಡು ನಾಯಿ. ಆಯಿಯ ಹತ್ತಿರ ಚಂದ್ರಿ ಎಂಬ ಮುದಿ ಹೆಣ್ಣು ನಾಯಿ.

ಕಮತಗಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಮೂರು ಹಿಂಡು ಕೂಡಿದವು. ನಾನು ಮಾವನಿಗೆ ನಮಸ್ಕಾರ ಮಾಡಿ ತಲೆ ಎತ್ತುವಷ್ಟರಲ್ಲಿ ಫೌಜದಾರ ಹಗ್ಗ ಕಿತ್ತುಕೊಂಡು ಓಡಿ, ಮಲಗಿದ್ದ ಕರಿಯನ ಹೊಟ್ಟೆಗೆ ಗುದ್ದಿದ್ದ. ಕರಿಯ ಎದ್ದು ಹಲ್ಲು ಕಿರಿದು ಗುರುಗುಟ್ಟಿದ. ಇವನು ಇನ್ನೊಮ್ಮೆ ಗುದ್ದಿದ. ನಾನು ಬಡಿಗೆ ಎತ್ತಿಕೊಂಡು ಓಡಿದ್ದು ಕರಿಯನ ಮೇಲೆ.

"ಏ ಅಳಿಯಾ! ನನ್ನ ನಾಯಿಗೆ ಬಡಗಿ ಎತ್ತಬ್ಯಾಡ," ಎಂದು ಮಾವ ಕೂಗಿದರು. "ತಪ್ಪು ಯಾರದು, ಬಡಗಿ ಯಾರಿಗೆ?"

"ಸಣ್ಣದ ಐತಿರಿ ಮಾವಾ, ತಿಳಿಯಂಗಿಲ್ಲ."

"ಸಣ್ಣದ? ಕರಡಿಯಂಗ ಐತಿ!"

ಹೊಳೆ ದಾಟಿದ ಮೇಲೂ ಅದೇ ರಾಮಾಯಣ. ನಾಯಿಗಳು ಕಚ್ಚಾಡಿದರೆ ನಾಯಿಗಳಿಗೆ ಮಾತ್ರ ತ್ರಾಸು ಎಂದು ತಿಳಿಯಬೇಡಿ. ಒಂದು ಸಂಜೆ ಬಲೆಯ ಮಗ್ಗುಲಲ್ಲೇ ಬೂದ್ಯಾ ಇವನ ಮೇಲೆ ಬಿದ್ದ. ಆ ಗದ್ದಲಕ್ಕೆ ಮೂರೂ ಹಿಂಡು ಬೆದರಿ, ಬಲೆ ಕಿತ್ತುಕೊಂಡು, ಪಕ್ಕದ ಹೊಲದ ನಿಂತ ಜೋಳಕ್ಕೆ ನುಗ್ಗಿದವು. ತಡವಾಗಿ ಬಿತ್ತಿ, ಆಗಷ್ಟೇ ತೆನೆ ಹಾಲುಗಟ್ಟಿದ ಜೋಳ. ಹೊಲದ ಗೌಡರು ಕುಡುಗೋಲು ಹಿಡಿದೇ ಬಂದರು. ಯಾರಿಗೂ ತಲೆ ಬಾಗದ ನಮ್ಮ ಮಾವ ರುಮಾಲು ಕೈಯಲ್ಲಿ ಹಿಡಿದು ನಿಂತರು. ಅದನ್ನು ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಮರುದಿನ ಮುಂಜಾನೆ ಮಾವ ನನ್ನನ್ನು ಕರೆದು ಕೂಡಿಸಿಕೊಂಡರು. ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಕೆ. "ಶಿವರಾತ್ರಿ ಮುಂದಿನ ಅಮೀನಗಡ ಸಂತಿ ತನಕ ನೋಡೂನು. ಅಷ್ಟರಾಗ ಅದು ನಾಯಿಗೋಳ ಕೂಡ ಬಾಳೇ ಮಾಡೂದು ಕಲತ್ರ ಚಲೋ ಆತು. ಇಲ್ಲಂದ್ರ ನೀ ಅದನ್ನ ಬಿಡಬೇಕು, ಇಲ್ಲಾ ನಮ್ಮನ್ನ ಬಿಡಬೇಕು."

ಮಾವನನ್ನು ಬಿಟ್ಟರೆ ಒಂಟಿ ಹಿಂಡು, ತೋಳದ ಬಾಯಿಗೆ. ನಾಯಿಯನ್ನು ಬಿಟ್ಟರೆ ಬತ್ತಿಯಲ್ಲಿ ಹಾಲು ಕುಡಿಸಿದ ಹೆಂಡತಿಯ ಮುಖ ನೋಡುವುದು ಹೇಗೆ? ನಮಗೆ ಆಗ ಮಕ್ಕಳಿರಲಿಲ್ಲ. ಸುದ್ದಿ ಕೇಳಿದ ಇಲಕಲ್ಲಿನ ಕುರಿ ವ್ಯಾಪಾರದ ಸಾಹೇಬರು, ಒಳ್ಳೆಯ ಮನುಷ್ಯರೇ, "ಸಂತಿ ದಿನಾ ನಾ ಬರ್ತೇನಿ, ನನಗ ಕೊಟ್ಟುಬಿಡು. ಪೇರಲ ತ್ವಾಟದಾಗ ಸರಪಳಿ ಹಾಕಿ ಕಟ್ಟತೇನಿ. ಯಾ ನಾಯಿ ಸುದ್ದೀನೂ ಇರಂಗಿಲ್ಲ, ಆರಾಮ ಇರತೈತಿ," ಎಂದರು. ಸರಪಳಿ ಎಂಬ ಮಾತು ಕೇಳಿ ನನ್ನ ಹೆಂಡತಿ ಅಂದು ಊಟ ಮಾಡಲಿಲ್ಲ.

ನನಗೆ ತಿಳಿದ ಉಪಾಯ ಎಲ್ಲ ಮಾಡಿದೆ. ತುಡುಗು ದನಕ್ಕೆ ಕಟ್ಟುವಂತೆ ಕೊರಳಿಗೆ ಕಟ್ಟಿಗೆಯ ತುಂಡು ಕಟ್ಟಿದೆ, ಓಡಿದರೆ ಮುಂಗಾಲಿಗೆ ಬಡಿಯಲಿ ಎಂದು. ಓಡುವುದು ಕಡಿಮೆಯಾಯಿತು, ಖರೆ. ಆದರೆ ಕರಿಯ ಗದರಿದಾಗ ಹಿಂದೆ ಸರಿಯುವುದಕ್ಕೂ ಆಗಲಿಲ್ಲ. ಕಟ್ಟಿಗೆ ಕಾಲಲ್ಲಿ ಸಿಕ್ಕು ಅಲ್ಲೇ ಬಿದ್ದ, ಕರಿಯನ ಹಲ್ಲಿಗೆ ಕಿವಿ ಹರಿಯಿತು. ಅರಿಶಿನ ಎಣ್ಣೆ ಹಚ್ಚುತ್ತ ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಹಗ್ಗ ಬಿಗಿ ಹಿಡಿದು ನಾಯಿಗಳ ಎದುರಿಗೆ ನಿಲ್ಲಿಸಿದೆ, ನೋಡಿ ನೋಡಿ ರೂಢಿಯಾಗಲಿ ಎಂದು. ಅವನು ಹಗ್ಗ ಜಗ್ಗಿ ಜಗ್ಗಿ ಹಿಂಗಾಲ ಮೇಲೆ ಎದ್ದು ನಿಂತ. ಉಳಿದ ನಾಯಿಗಳಿಗೆ ಅದು ಕುಸ್ತಿಗೆ ಕರೆದಂತೆ ಕಂಡಿರಬೇಕು, ಮೈಮೇಲಿನ ಕೂದಲು ನಿಗುರಿಸಿ ಬಂದವು. ಅವು ಗುರುಗುಟ್ಟಿದಾಗಲೆಲ್ಲ ನಾನು ಬಡಿಗೆ ನೆಲಕ್ಕೆ ಬಡಿದು ಗದರಿದೆ, ಸುಮ್ಮನಿದ್ದರೆ ರೊಟ್ಟಿ ಚೂರು ಎಸೆದೆ. ನಾಲ್ಕು ದಿನದಲ್ಲಿ ಬೂದ್ಯಾ ಗುರುಗುಟ್ಟುವುದನ್ನೇ ಬಿಟ್ಟ. ಗೆದ್ದೆ ಎಂದುಕೊಂಡೆ. ಅವತ್ತೇ ಸದ್ದಿಲ್ಲದೆ ಬಂದು ಇವನ ತೊಡೆಗೆ ಬಾಯಿ ಹಾಕಿದ.

"ನಾಯಿ ಬಾಲಕ್ಕ ನಳಗಿ ಕಟ್ಟಾಕ ಹತ್ತೀಯಲೋ ಅಳಿಯಾ," ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ.

ಇದನ್ನೆಲ್ಲ ಆಯಿ ನೋಡುತ್ತಿದ್ದಳು. ಬನ್ನಿ ಗಿಡದ ನೆರಳಿಗೆ ಕುಳಿತು ಕದರಿನಿಂದ ಉಣ್ಣೆ ನೂಲುತ್ತ, ಬಾಯಲ್ಲಿ ಕುಟ್ಟಿದ ಎಲೆ ಅಡಿಕೆ. ಒಂದು ಮಧ್ಯಾಹ್ನ ಕರೆದಳು.

"ತಮ್ಮಾ, ನಿನ್ನ ಮರಿಗಿ ಹುಟ್ಟಿದಾಗಿಂದ ಯಾರರೆ 'ಛೀ, ದೂರ ಸರಿ' ಅಂದಾರೇನು?"

"ನಾ ದಿನಾ ಬೈತೇನಲ್ಲ ಆಯಿ."

"ನೀ ಬೈದ್ರ ಅದಕ್ಕೇನ ತಿಳೀತೈತಿ? ನಾಯಿ ಮಾತು ನಾಯಿ ಬಾಯಾಗ ಕೇಳಬೇಕು. ಕರಿಯ ಅದನ್ನ ಹೇಳಾಕ ಬಂದ್ರ ಅವನ ಬಾಯಿ ಮುಚ್ಚಸ್ತಿ. ಗುರ್ ಅಂದ್ರ ಬಡಗಿ, ಗುರ್ ಅನಲಿಲ್ಲಂದ್ರ ರೊಟ್ಟಿ. ಬೂದ್ಯಾ ಶ್ಯಾಣ್ಯಾ ಆದ, ಹೇಳದಾಂಗ ಕಡದ."

ಆಯಿ ನೂಲು ಸುತ್ತಿಕೊಂಡು ಮತ್ತೆ ಹೇಳಿದಳು. "ನನ್ನ ಚಂದ್ರಿ ಕೈಯಾಗ ಕೊಡು. ಅಕಿ ಎಷ್ಟ ಮರಿ ಹಡದು ದೊಡ್ಡವು ಮಾಡ್ಯಾಳೋ, ನನಗ ಎಣಿಕಿ ಇಲ್ಲ. ಕರಿಯನ್ನ, ಬೂದ್ಯಾನ್ನ ಹಡದಾಕಿನೂ ಅಕಿನ. ಕಟ್ಟಿಗಿ ಬಿಚ್ಚು, ಹಗ್ಗ ಬಿಚ್ಚು."

ಚಂದ್ರಿ ಒಮ್ಮೆ ನರಿಯೊಂದನ್ನು ಕೊರಳು ಹಿಡಿದು ಕೊಂದಿದ್ದನ್ನು ನಾನೇ ನೋಡಿದ್ದೆ. ಹೆಂಡತಿಯಂತೂ "ಬ್ಯಾಡ್ರಿ, ಬೇಕಾರ ಸಾಹೇಬರಿಗೆ ಕೊಡ್ರಿ, ಜೀವದಿಂದರೆ ಇರತೈತಿ," ಎಂದು ಅತ್ತೇಬಿಟ್ಟಳು. ಬಿಚ್ಚುವುದೋ ಬಿಡುವುದೋ ಎಂದು ಇಡೀ ದಿನ ಕುರಿಯ ಹಿಂದೆ ನಡೆಯುತ್ತ ಯೋಚಿಸಿದೆ. ಕಟ್ಟಿ ನೋಡಿದ್ದಾಯಿತು, ಗದರಿಸಿ ನೋಡಿದ್ದಾಯಿತು, ಸಂತೆ ಹತ್ತಿರ ಬರುತ್ತಿತ್ತು. ಮರುದಿನ ನಾನೇ ಕಟ್ಟಿಗೆ ಬಿಚ್ಚಿ ಒಲೆಗೆ ಹಾಕಿದೆ.

ಆಯಿ ಹೊತ್ತು ಆರಿಸಿದಳು. ನಡು ಮಧ್ಯಾಹ್ನ, ಕುರಿ ನೆರಳಿಗೆ ನಿಂತು ಮೆಲುಕು ಹಾಕುವಾಗ, ಮುಂಜಾನೆಯಿಂದ ನಡೆದು ನಾಯಿಗಳ ಕಾಲು ಸೋತಿರುವಾಗ. ಬಲೆಯ ಹತ್ತಿರ ಬೇಡ, ರೊಟ್ಟಿಯ ಹತ್ತಿರ ಬೇಡ, ಬಯಲಲ್ಲಿ ಆಗಬೇಕು, ಹಿಂದೆ ಸರಿಯಲು ಇಬ್ಬರಿಗೂ ಜಾಗ ಇರಬೇಕು. ಕರಿಯನನ್ನೂ ಬೂದ್ಯಾನನ್ನೂ ಮಾವ ದೂರ ಕರೆದೊಯ್ದರು. ನನ್ನ ಬಡಿಗೆಯನ್ನು ಆಯಿ ಕಸಿದುಕೊಂಡು ತನ್ನ ಕುಂಡಿಯಡಿ ಹಾಕಿಕೊಂಡು ಕೂತಳು. ನನ್ನ ಕೈಗೆ ಕದರು ಕೊಟ್ಟಳು.

"ನೂಲು. ನಿನ್ನ ಕೈ ಖಾಲಿ ಇದ್ರ ಬಡಗಿ ಹುಡುಕತಾವು. ಎಳಿ ಹರೀಬಾರದು ನೋಡು, ಹರದ್ರ ಬೈತೇನಿ."

ಫೌಜದಾರ ಯಥಾಪ್ರಕಾರ ದೂರದಿಂದ ನೆಟ್ಟಗೆ ಓಡಿ ಬಂದ. ಚಂದ್ರಿ ಮಲಗಿದಲ್ಲಿಂದಲೇ ಮುಖ ಆ ಕಡೆ ತಿರುಗಿಸಿದಳು. ಅವನಿಗೆ ತಿಳಿಯಲಿಲ್ಲ. ತುಟಿ ಎತ್ತಿ ಮೆಲ್ಲಗೆ ಗುರ್ ಎಂದಳು. ತಿಳಿಯಲಿಲ್ಲ. ಢಂ ಎಂದು ಗುದ್ದಿದ. ಮುದಿ ಚಂದ್ರಿ ಯಾವಾಗ ಎದ್ದಳೋ ನಾನು ಕಾಣೆ, ಇವನು ಅಂಗಾತ ಬಿದ್ದಿದ್ದ. ಅವನ ಮೂತಿ ಪೂರ್ತಿ ಅವಳ ಬಾಯಲ್ಲಿ. ಯಪ್ಪಾ, ಅವನು ಕಿರುಚಿದ್ದು! ಕುತ್ತಿಗೆ ಕೊಯ್ದಂತೆ ಕಿರುಚಿದ. ಹೆಂಡತಿ ಓಡಿ ಬಂದಳು, ಆಯಿ ಅವಳ ಸೆರಗು ಹಿಡಿದು ಕೂಡಿಸಿದಳು. "ರಗತ ನೋಡು, ಐತೇನು? ಸದ್ದಲ್ಲ, ರಗತ ನೋಡು." ನನ್ನ ಕೈಯ ಎಳೆ ಹರಿದು ಯಾವ ಕಾಲವಾಗಿತ್ತೋ.

ಚಂದ್ರಿ ಬಿಟ್ಟು, ಎರಡು ಹೆಜ್ಜೆ ಆಚೆ ಹೋಗಿ ಮಲಗಿದಳು. ಫೌಜದಾರ ಎದ್ದು ಮೈ ಝಾಡಿಸಿದ. ಮೂತಿಯ ಮೇಲೆ ಒಂದು ಗೀರೂ ಇರಲಿಲ್ಲ. ಜೊಲ್ಲು ಮಾತ್ರ. ಹುಟ್ಟಿದ ಮೇಲೆ ಮೊದಲ ಸಲ ಅವನಿಗೆ ಯಾರೋ ಅವನ ಭಾಷೆಯಲ್ಲಿ ಮಾತಾಡಿದ್ದರು.

ಒಂದೇ ಪಾಠಕ್ಕೆ ಕಲಿತ ಎಂದು ಹೇಳಿದರೆ ಸುಳ್ಳಾದೀತು. ಮತ್ತೆ ಗುದ್ದಿದ, ಮತ್ತೆ ಅಂಗಾತ ಬಿದ್ದ. ಆದರೆ ಓಟ ದಿನದಿನಕ್ಕೆ ಮೆತ್ತಗಾಯಿತು. ಅವಳು ಮುಖ ತಿರುಗಿಸಿದರೆ ನಿಲ್ಲತೊಡಗಿದ. ನೆಟ್ಟಗೆ ಬರುವುದು ಬಿಟ್ಟು ಸುತ್ತು ಹಾಕಿ ಮಗ್ಗುಲಿನಿಂದ ಬಂದು, ಮೂಸಿ, ಸರಿಯತೊಡಗಿದ. ಆಯಿ ಇನ್ನೆರಡು ಕಟ್ಟಳೆ ಹಾಕಿದ್ದಳು. ಒಂದು, ಅವನು ಇನ್ನು ಕುರಿಮರಿಗಳ ದೊಡ್ಡಿಯಲ್ಲಿ ಮಲಗಕೂಡದು. ಹಗಲು ಚಂದ್ರಿ ಕಲಿಸಿದ್ದನ್ನು ಮರಿಗಳು ಮರೆಸುತ್ತವೆ. ಇನ್ನೊಂದು ರೊಟ್ಟಿಯದು. ಪ್ರತಿ ನಾಯಿಗೂ ಅದರದರ ಕಲ್ಲು, ಕಲ್ಲಿನ ಮೇಲೆ ನುಚ್ಚು ಇಲ್ಲವೆ ರೊಟ್ಟಿ. ಮೊದಲು ಚಂದ್ರಿಗೆ, ಆಮೇಲೆ ಕರಿಯ, ಆಮೇಲೆ ಬೂದ್ಯಾ, ಕೊನೆಗೆ ಸಾಲಿನಿಂದ ದೂರದ ಕಲ್ಲಿನ ಮೇಲೆ ಇವನಿಗೆ. ನನ್ನ ಹೆಂಡತಿ ಸಣ್ಣದೆಂದು ಯಾವಾಗಲೂ ಇವನಿಗೇ ಮೊದಲು ಹಾಕುತ್ತಿದ್ದಳು. ಈಗ ಅವನು ಕುಂಯ್ ಕುಂಯ್ ಎನ್ನುವಾಗ ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದಳು. ಪಾಪ, ಅದು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಚಂದ್ರಿ ಕಲ್ಲು ನೆಕ್ಕಿ ಮುಗಿಸುವ ತನಕ ಕುಳಿತು ಕಾಯುವುದನ್ನು ಅವನು ಕಲಿತ.

ಬೂದ್ಯಾನ ಜೊತೆ ಬೇರೆ ದಾರಿ ಹಿಡಿದೆವು. ಎದುರುಬದುರು ಬಿಡದೆ, ಹಿಂಡು ನಡೆಯುವಾಗ ಇಬ್ಬರನ್ನೂ ಕುರಿಯ ಹಿಂದೆ ಒಂದೇ ದಿಕ್ಕಿಗೆ ನಡೆಸಿದೆವು, ನಡುವೆ ನಾನು. ದಿನಾ ಸ್ವಲ್ಪ ಸ್ವಲ್ಪ ನಾನು ಹಿಂದೆ ಉಳಿದೆ. ಒಂದು ದಿನ ನೋಡುತ್ತೇನೆ, ನಡುವೆ ಯಾರೂ ಇಲ್ಲದೆ ಇಬ್ಬರೂ ಮಗ್ಗುಲು ಮಗ್ಗುಲು ನಡೆಯುತ್ತಿದ್ದಾರೆ. ಕಣ್ಣಲ್ಲಿ ನೀರು ಬಂತು, ಧೂಳು ಎಂದು ಒರೆಸಿಕೊಂಡೆ.

ಉಳಿದವನು ಕರಿಯ. ಅಮೀನಗಡದ ಹೊರಗೆ ಹಿಂಡು ತರುಬಿದ್ದೆವು, ನಾಳೆಯೇ ಸಂತೆ. ಸಂಜೆ ಕರಿಯ ಬಲೆಯ ಬಾಯಿಗೆ ಅಡ್ಡ ಮಲಗಿದ್ದ. ಫೌಜದಾರ ಅವನನ್ನು ನೋಡಿ ತಲೆ ತಗ್ಗಿಸಿ ಓಟ ಕಿತ್ತ. ಹಳೇ ಓಟ! ಮಾವ ಎದ್ದು ನಿಂತರು. ನನಗೆ ಎಲ್ಲ ಮುಗಿಯಿತು ಅನಿಸಿತು. ಕರಿಯ ಗುರ್ ಎಂದ. ನಾನು ಬಾಯಿ ಬಿಡಲಿಲ್ಲ, ಕದರು ಗಟ್ಟಿಯಾಗಿ ಹಿಡಿದೆ. ಫೌಜದಾರ ಅರ್ಧ ದಾರಿಯಲ್ಲಿ ಕಾಲೂರಿ ನಿಂತ. ಮುಖ ಆಚೆ ತಿರುಗಿಸಿದ. ಏನೂ ಆಗಿಲ್ಲವೆಂಬಂತೆ ಕುಳಿತು ಹರಿದ ಕಿವಿ ಕೆರೆದುಕೊಂಡ. ಆಮೇಲೆ ಸುತ್ತು ಹಾಕಿ ಹೋಗಿ ಮಗ್ಗುಲಿನಿಂದ ಮೂಸಿದ. ಕರಿಯ ತಲೆ ಕೆಳಗಿಟ್ಟು ಕಣ್ಣು ಮುಚ್ಚಿದ.

ಮಾವ ನನ್ನ ಹೆಂಡತಿಯ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಅದರ ಕಲ್ಲು ನಮ್ಮ ನಾಯಿಗೋಳ ಸಾಲಿಗೆ ತಂದಿಡವಾ."

ಮರುದಿನ ಸಾಹೇಬರು ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕರದಂಟಿನ ಪೊಟ್ಟಣ ಹಿಡಿದು ಬಂದರು. ನಾಲ್ಕೂ ನಾಯಿ ಕೂಡಿ ಮಲಗಿದ್ದನ್ನು ಕಂಡು ಹಗ್ಗವನ್ನು ಸುಮ್ಮನೆ ಹೆಗಲಿಗೆ ಹಾಕಿಕೊಂಡರು. ಅಷ್ಟರಲ್ಲಿ ಫೌಜದಾರ ಓಡಿ ಬಂದು ಅವರ ಮೊಣಕಾಲಿಗೆ ಗುದ್ದಿದ. "ಅರೆ! ನಾಯಿ ಕೂಡ ಹೆಂಗ ಇರಬೇಕಂತ ಕಲಸೀರಿ, ಮನಷ್ಯಾರ ಕೂಡ ಇರೂದನ್ನ ಯಾರ ಕಲಸಬೇಕೋ ದೋಸ್ತಾ?" ಎಂದು ಮೊಣಕಾಲು ಉಜ್ಜಿಕೊಳ್ಳುತ್ತಲೇ ಕರದಂಟು ಹಂಚಿದರು. ಮೊದಲ ತುಂಡನ್ನು ಆಯಿಗೆ ಕೊಟ್ಟರು. ಹಲ್ಲಿಲ್ಲದ ಆಯಿ ಅದನ್ನು ಮಧ್ಯಾಹ್ನದ ತನಕ ಚೀಪಿದಳು.

ಆ ಬೇಸಿಗೆ ಹುನಗುಂದದಾಚೆ ಒಂದು ನಸುಕಿನಲ್ಲಿ ಜೋಡಿ ತೋಳ ಬಂದವು. ನಾನು ಕಂಬಳಿ ಕೊಡವಿ ಏಳುವಷ್ಟರಲ್ಲಿ ನಾಲ್ಕು ನಾಯಿಯೂ ಒಂದೇ ಸಾಲಾಗಿ ನುಗ್ಗಿದ್ದವು. ಮುದುಕಿ ಚಂದ್ರಿಯ ಭುಜಕ್ಕೆ ಭುಜ ಹಚ್ಚಿ ಓಡುತ್ತಿದ್ದವನು ಫೌಜದಾರ. ಒಂದು ಕುರಿಮರಿಯೂ ಹೋಗಲಿಲ್ಲ. ಮಾವ ಆ ದಿನ ಅವನ ತಲೆ ಸವರಿದರು. ಅವರು ನಾಯಿಯ ತಲೆ ಸವರಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಚಂದ್ರಿ ಮುಂದಿನ ವರ್ಷದ ಚಳಿಗೆ ಹೋದಳು. ಮುಪ್ಪಿನ ಸಾವು, ಆಯಿಯ ಕಂಬಳಿಯ ಮೇಲೆಯೇ. ಬನ್ನಿ ಗಿಡದ ಬುಡದಲ್ಲಿ ನಾನೇ ತಗ್ಗು ತೋಡಿದೆ. ಅಂದು ಸಂಜೆ ಹೆಂಡತಿ ಕಲ್ಲುಗಳ ಮೇಲೆ ರೊಟ್ಟಿ ಹಾಕಿದಳು, ಕರಿಯನಿಗೆ, ಬೂದ್ಯಾನಿಗೆ, ಇವನಿಗೆ. ಚಂದ್ರಿಯ ಕಲ್ಲು ಬರಿದಾಗಿತ್ತು. ಆ ಎರಡೂ ತಿಂದು ಎದ್ದವು. ಫೌಜದಾರ ತನ್ನ ರೊಟ್ಟಿಯ ಮುಂದೆ ಕುಳಿತು ಆ ಬರಿ ಕಲ್ಲನ್ನೇ ನೋಡುತ್ತಿದ್ದ. ಕರೆದೆವು, ರೊಟ್ಟಿ ಮುರಿದು ಬಾಯಿಗೆ ಹಿಡಿದೆವು, ಮುಟ್ಟಲಿಲ್ಲ. ಮರುದಿನವೂ ಅದೇ.

ಆಗ ಆಯಿ ಎದ್ದಳು. ತನ್ನ ಪಾಲಿನ ರೊಟ್ಟಿಯಿಂದ ಒಂದು ತುಂಡು ಮುರಿದು ಚಂದ್ರಿಯ ಕಲ್ಲಿನ ಮೇಲಿಟ್ಟು, ಅಲ್ಲೇ ಕುಳಿತು ಎಲೆ ಅಡಿಕೆ ಹಾಕಿಕೊಂಡಳು. ಮುದುಕಿ ನಾಯಿಯೊಂದು ಉಣ್ಣಲು ಹಿಡಿಯುವಷ್ಟು ಹೊತ್ತು ಕಾದಳು. ಆಮೇಲೆ ತುಂಡನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡು, ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದಳು:

"ಆಕಿದು ಊಟ ಆತು. ಇನ್ನ ನೀ ಉಣ್ಣು, ನನ ಮಗನ."

ಅವನು ಬಗ್ಗಿ ತಿನ್ನತೊಡಗಿದ.